ಸುಡಾನ್: ಹದಿನೈದು ದಿನದ ಗಡುವು ಮುಗಿಯಲೇ ಇಲ್ಲ

ಸುಡಾನ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು 2023ರ ಏಪ್ರಿಲ್. ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಎಲ್ ಫಾಷರ್ ಎಂಬ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಇಲ್ಲಿ ವಿಧಾನಸಭೆ ಚುನಾವಣೆಯ ಕಾವು, ಟ್ವಿಟರ್‌ನಲ್ಲಿ ಜಗಳ ಬೇರೆ. ‘ಆಪರೇಷನ್ ಕಾವೇರಿ’ ನಡೆಯಿತು, ನಮ್ಮವರು ಊರು ಸೇರಿದರು, ಸುಡಾನ್ ನಮ್ಮ ಟೀವಿಯಿಂದ ಮಾಯವಾಯಿತು.

ಆದರೆ ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ನಡೆದ ಆ ಯುದ್ಧ ಏಪ್ರಿಲ್ 15ರಂದು ಏಕಾಏಕಿ ಹುಟ್ಟಿದ್ದಲ್ಲ. ಅದರ ಎಳೆ ಹಿಡಿಯಲು ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಅದಕ್ಕೂ ಹಿಂದಿನದ್ದು ಒಂದೇ ಉಸಿರಲ್ಲಿ: 1956ರಲ್ಲಿ ಸ್ವಾತಂತ್ರ್ಯ, 1958, 1969, 1989ರಲ್ಲಿ ಸೇನೆಯ ದಂಗೆ, ನಡುವೆ 1964 ಮತ್ತು 1985ರಲ್ಲಿ ಜನರೇ ಬೀದಿಗಿಳಿದು ಸೇನಾಡಳಿತವನ್ನು ಕೆಳಗಿಳಿಸಿದ್ದು, ಎರಡು ಸಲವೂ ಕೆಲವೇ ವರ್ಷಕ್ಕೆ ಸಮವಸ್ತ್ರ ವಾಪಸ್ ಬಂದದ್ದು.

2018ರ ಡಿಸೆಂಬರ್ 19ರಂದು ಅತ್ಬರಾದಲ್ಲಿ ಜನ ಬೀದಿಗೆ ಬಂದರು. ರೈಲ್ವೆ ಕಾರ್ಮಿಕರ ಊರದು. ಒಂದು ಪೌಂಡಿಗೆ ಸಿಗುತ್ತಿದ್ದ ಬ್ರೆಡ್ ಮೂರು ಪೌಂಡ್ ಆಗಿತ್ತು. ಬ್ರೆಡ್ಡಿಗೆ ಶುರುವಾದ ಕೂಗು ಕೆಲವೇ ದಿನದಲ್ಲಿ ‘ಬಶೀರ್ ಇಳಿಯಲಿ’ ಎಂದಾಯಿತು. 1989ರ ದಂಗೆಯಿಂದ ಅಧಿಕಾರ ಹಿಡಿದಿದ್ದ ಅಧ್ಯಕ್ಷ ಈ ಬಶೀರ್. 2019ರ ಏಪ್ರಿಲ್ 6ರಂದು ಜನ ರಾಜಧಾನಿ ಖಾರ್ಟೂಮಿನ ಸೇನಾ ಮುಖ್ಯ ಕಚೇರಿ ಎದುರು ಕೂತರು. ಬಿಳಿ ಸೀರೆಯಂಥ ‘ತೋಬ್’ ಉಟ್ಟ ಹುಡುಗಿಯೊಬ್ಬಳು ಕಾರಿನ ಮೇಲೆ ನಿಂತು ಬೆರಳೆತ್ತಿದ ಫೋಟೋ ನೀವೂ ನೋಡಿರುತ್ತೀರಿ. ಅದು ಆಗಿನದ್ದೇ. ಏಪ್ರಿಲ್ 11ರಂದು ಸೇನೆಯೇ ಬಶೀರರನ್ನು ಇಳಿಸಿತು. ಆದರೆ ಕುರ್ಚಿಯಲ್ಲಿ ತಾನೇ ಕೂತಿತು. ಜನ ಏಳಲಿಲ್ಲ. ಅವರ ಕೂಗು ಒಂದೇ ಪದ: ‘ಮದನಿಯಾ’, ಅಂದರೆ ನಾಗರಿಕರ ಆಡಳಿತ.

ಹೊರಜಗತ್ತಿನ ಪಾತ್ರ ಶುರುವಾಗುವುದು ಇಲ್ಲಿಂದ. ಆಫ್ರಿಕನ್ ಒಕ್ಕೂಟ ಏಪ್ರಿಲ್ 15ರಂದು ಸೇನೆಗೆ ಹೇಳಿತು: 15 ದಿನದೊಳಗೆ ಅಧಿಕಾರ ಬಿಟ್ಟುಕೊಡಿ, ಇಲ್ಲದಿದ್ದರೆ ಒಕ್ಕೂಟದಿಂದ ಸುಡಾನ್ ಅಮಾನತು. ಒಳ್ಳೆಯ ಮಾತೇ. ಏಪ್ರಿಲ್ 21ರಂದು ಸೌದಿ ಅರೇಬಿಯಾ ಮತ್ತು ಯುಎಇ ಸುಡಾನಿಗೆ 300 ಕೋಟಿ ಡಾಲರ್ ನೆರವು ಘೋಷಿಸಿದವು. ಖಜಾನೆಯ ಕೀಲಿ ಆಗ ಯಾರ ಕೈಯಲ್ಲಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಏಪ್ರಿಲ್ 23ರಂದು ಕೈರೋದಲ್ಲಿ ಆಫ್ರಿಕಾದ ಕೆಲವು ನಾಯಕರು ಸೇರಿ, 15 ದಿನ ಸಾಲದು, ಮೂರು ತಿಂಗಳು ಕೊಡೋಣ ಎಂದರು. ಅದೇ ದಿನ ಅತ್ಬರಾದಿಂದ ಒಂದು ರೈಲು ಖಾರ್ಟೂಮಿಗೆ ಬಂತು. ಒಳಗೆ ಜಾಗವಿಲ್ಲದೆ ಜನ ಬೋಗಿಗಳ ಮೇಲೆ ಬಾವುಟ ಹಿಡಿದು ಕೂತಿದ್ದರು. ಕೈರೋದ ಸಭೆಯಲ್ಲಿ ಆ ರೈಲಿನವರ ಪರವಾಗಿ ಯಾರೂ ಇರಲಿಲ್ಲ.

ಕೊನೆಗೆ ಒಕ್ಕೂಟ ಇನ್ನೂ 60 ದಿನ ಕೊಟ್ಟಿತು.

ಆ 60 ದಿನ ಮುಗಿಯುವ ಮೊದಲೇ ಜೂನ್ 3 ಬಂತು. ರಂಜಾನಿನ ಕೊನೆ, ಹಬ್ಬದ ಹಿಂದುಮುಂದು. ನಸುಕಿನಲ್ಲಿ ಭದ್ರತಾ ಪಡೆಗಳು ಧರಣಿಯ ಮೇಲೆ ನುಗ್ಗಿದವು. ನೂರಕ್ಕೂ ಜಾಸ್ತಿ ಜನ ಸತ್ತರು ಎಂದರು ವೈದ್ಯರ ಸಮಿತಿಯವರು. ಅಷ್ಟಿಲ್ಲ ಎಂದಿತು ಸರ್ಕಾರ. ನೈಲ್ ನದಿಯಿಂದಲೇ 40 ಹೆಣ ಎತ್ತಿದ ಲೆಕ್ಕ ವೈದ್ಯರು ಕೊಟ್ಟರು. ಒಂದು ತಿಂಗಳಿಗೂ ಜಾಸ್ತಿ ಇಂಟರ್ನೆಟ್ ಬಂದ್. ಹತ್ತು ದಿನದ ಮೇಲೆ ಆಗ ಆಳುತ್ತಿದ್ದ ಸೇನಾ ಮಂಡಳಿಯ ವಕ್ತಾರರು ಹೇಳಿದ್ದು ಇಷ್ಟು: ‘ಆದದ್ದು ಆಯಿತು’. ಆ ಮಾತು ಸುಡಾನಿನಲ್ಲಿ ಇವತ್ತಿಗೂ ಕಹಿ ಲೇವಡಿಯಾಗಿ ಉಳಿದಿದೆ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಖಂಡನೆಗೂ ಒಮ್ಮತ ಸಿಗಲಿಲ್ಲ. ಚೀನಾ, ರಷ್ಯಾ ಒಪ್ಪಲಿಲ್ಲ. ಆಫ್ರಿಕನ್ ಒಕ್ಕೂಟ ಮಾತ್ರ ಮೂರೇ ದಿನದಲ್ಲಿ ಸುಡಾನನ್ನು ಅಮಾನತು ಮಾಡಿತು. ಆ ಹೊತ್ತಿಗೆ ಎಲ್ಲರಿಗಿಂತ ಗಟ್ಟಿ ಹೆಜ್ಜೆ ಅದೇ. ಮರುದಿನ ಇಥಿಯೋಪಿಯಾದ ಪ್ರಧಾನಿ ಅಬಿಯ್ ಅಹ್ಮದ್ ಸಂಧಾನಕ್ಕೆ ಖಾರ್ಟೂಮಿಗೆ ಬಂದಿಳಿದರು. ಅವರನ್ನು ಕಂಡ ಇಬ್ಬರು ವಿರೋಧಿ ನಾಯಕರನ್ನು ಭೇಟಿಯ ಬೆನ್ನಲ್ಲೇ ಹಿಡಿದು ಒಳಗೆ ಹಾಕಲಾಯಿತು.

ಆದರೂ ಮಾತುಕತೆ ನಡೆಯಿತು. ಆಗಸ್ಟ್ 17ರಂದು ಸೇನೆ ಮತ್ತು ನಾಗರಿಕರ ನಡುವೆ ಒಪ್ಪಂದವಾಯಿತು. ಚುನಾವಣೆವರೆಗೆ 39 ತಿಂಗಳ ಪರಿವರ್ತನೆ: ಇಬ್ಬರ ಜಂಟಿ ಆಡಳಿತ ಮಂಡಳಿಗೆ ಮೊದಲ 21 ತಿಂಗಳು ಸೇನೆಯವರು ಅಧ್ಯಕ್ಷರು, ಉಳಿದ 18 ತಿಂಗಳು ನಾಗರಿಕರು. ಅಬ್ದಲ್ಲಾ ಹಮ್ದೋಕ್ ಪ್ರಧಾನಿಯಾದರು. ಸೆಪ್ಟೆಂಬರಿನಲ್ಲಿ ಅಮಾನತೂ ತೆರವಾಯಿತು. ಜೂನ್ 3ಕ್ಕೆ ಉತ್ತರ ಸಿಕ್ಕಿರಲಿಲ್ಲ. ಎಲ್ಲರಿಗೂ ಅವಸರ.

ಇನ್ನು ನೆರವಿನ ವಿಷಯ. ಅಮೆರಿಕ 1993ರಲ್ಲೇ ಸುಡಾನನ್ನು ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಗೆ ಹಾಕಿತ್ತು. ಸಾಲ ಸಿಗಬೇಕಾದರೆ ಆ ಪಟ್ಟಿಯಿಂದ ಹೊರಗೆ ಬರಬೇಕು. ಬಶೀರರನ್ನು ಇಳಿಸಿದ ಜನರೇ ಬಶೀರ್ ಕಾಲದ ಪಾಪಕ್ಕೆ 33.5 ಕೋಟಿ ಡಾಲರ್ ಪರಿಹಾರ ಕಟ್ಟಬೇಕಾಯಿತು. ಇಸ್ರೇಲ್ ಜೊತೆ ಸಂಬಂಧ ಸುಧಾರಿಸುವುದಕ್ಕೂ ಒಪ್ಪಬೇಕಾಯಿತು. ಹೆಸರು ಪಟ್ಟಿಯಿಂದ ಹೋಗುವಾಗ 2020ರ ಡಿಸೆಂಬರ್. ಹಮ್ದೋಕ್ ಬಂದು ಹದಿನಾರು ತಿಂಗಳು ಕಳೆದಿತ್ತು, ಬ್ರೆಡ್ಡಿನ ಸಾಲು ಕರಗಿರಲಿಲ್ಲ.

ಅಧ್ಯಕ್ಷ ಕುರ್ಚಿ ನಾಗರಿಕರಿಗೆ ಬರುವ ದಿನ ಹತ್ತಿರವಾದಾಗ, 2021ರ ಅಕ್ಟೋಬರ್ 25ರಂದು ಮತ್ತೆ ಸೇನೆಯ ದಂಗೆ. ಈ ಸಲ ಹೊರಗಿನವರು ಬೇಗ ಎಚ್ಚೆತ್ತರು. ಒಕ್ಕೂಟ ಎರಡು ದಿನದಲ್ಲಿ ಅಮಾನತು ಮಾಡಿತು, ವಿಶ್ವಬ್ಯಾಂಕ್ ಹಣ ತಡೆಯಿತು, ಅಮೆರಿಕ 70 ಕೋಟಿ ಡಾಲರ್ ನಿಲ್ಲಿಸಿತು. ಬೀದಿಯಲ್ಲಿದ್ದ ಮೊಹಲ್ಲಾ ಸಮಿತಿಗಳು ಸೇನೆಯ ಜೊತೆ ಸಂಧಾನ ಬೇಡ, ಪಾಲುದಾರಿಕೆ ಬೇಡ, ಅದಕ್ಕೆ ಮಾನ್ಯತೆಯೂ ಬೇಡ ಎಂದವು. ಹೋಟೆಲಿನ ಸಭಾಂಗಣದಲ್ಲಿ ಕೂತ ಹೊರಗಿನ ಸಂಧಾನಕಾರರು ಮೂರನ್ನೂ ಹುಡುಕುತ್ತಿದ್ದರು. ಅಷ್ಟರಲ್ಲಿ ಪ್ರತಿಭಟನೆಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು.

2022ರ ಡಿಸೆಂಬರ್ 5ರಂದು ಸೇನೆ ಮತ್ತು ನಾಗರಿಕ ಪಕ್ಷಗಳ ನಡುವೆ ಇನ್ನೊಂದು ಒಪ್ಪಂದ. ಅರೆಸೇನಾ ಪಡೆ ಆರ್‌ಎಸ್‌ಎಫ್ ಸೇನೆಯಲ್ಲಿ ವಿಲೀನವಾಗಬೇಕಿತ್ತು. ಎಷ್ಟು ದಿನದಲ್ಲಿ? ಸೇನೆ 2 ವರ್ಷ ಎಂದಿತು, ಆ ಪಡೆ 10 ವರ್ಷ ಎಂದಿತು. ಇಲ್ಲೂ ಗಡುವಿನದ್ದೇ ತಕರಾರು. ಅದು ಬಗೆಹರಿಯುವ ಮೊದಲೇ ಎರಡೂ ಕಡೆ ಗುಂಡು ಹಾರಿತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ನಮ್ಮ ಹಕ್ಕಿಪಿಕ್ಕಿಯವರು ಸಿಕ್ಕಿಬಿದ್ದಿದ್ದ ಎಲ್ ಫಾಷರ್ ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆಯಲ್ಲಿದ್ದು, 2025ರ ಅಕ್ಟೋಬರಿನಲ್ಲಿ ಬಿದ್ದುಹೋಯಿತು.

ಜೂನ್ 3ರ ಹತ್ಯೆಗಳ ತನಿಖೆಗೆ 2019ರಲ್ಲೇ ಸಮಿತಿಯೊಂದನ್ನು ಮಾಡಿದ್ದರು. ಅದಕ್ಕೆ ಕೊಟ್ಟಿದ್ದ ಸಮಯ ಮೂರು ತಿಂಗಳು. ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. 2022ರಲ್ಲಿ ಭದ್ರತಾ ಪಡೆಯವರು ಸಮಿತಿಯ ಕಚೇರಿಯನ್ನೇ ಹಿಡಿದುಕೊಂಡರು. ಕೆಲಸ ಅಲ್ಲಿಗೇ ನಿಂತಿತು.