ಚಿಟ್ಟೆಯ ಒಳಗಿನ ಲೆಕ್ಕ

ಚಿಟ್ಟೆಯ ಫೋಟೊ ಕಳಿಸಿ ಹೆಸರು ಕೇಳುವ ಗೆಳೆಯರಿಗೆ ‘ಫೋಟೊದಲ್ಲಿ ಹೇಳಲಾಗದು’ ಎಂದರೆ ಸಿಟ್ಟು ಬರುತ್ತದೆ. ರೆಕ್ಕೆಯ ಚುಕ್ಕೆಗಳಲ್ಲೇ ಜಾತಕ ಬರೆದಿರುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಅವರಿಗೆಲ್ಲ ಯುರೋಪಿನ ‘ವುಡ್ ವೈಟ್’ ಎಂಬ ಬಡಕಲು ಬಿಳಿ ಚಿಟ್ಟೆಯ ಕಥೆ ಹೇಳಬೇಕು.

1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದಕ್ಕೆ ‘ಸಿನಾಪಿಸ್’ ಎಂದು ಹೆಸರಿಟ್ಟ. ಎರಡು ಶತಮಾನಕ್ಕೂ ಹೆಚ್ಚು ಕಾಲ ಅದು ಎಲ್ಲರಿಗೂ ಒಂದೇ ಪ್ರಭೇದ. 1980ರ ದಶಕದ ಕೊನೆಯಲ್ಲಿ ಜನನಾಂಗಗಳನ್ನು ಅಳೆದು ‘ರಿಯಾಲಿ’ ಎಂಬುದನ್ನು ಬೇರ್ಪಡಿಸಿದರು. 2011ರಲ್ಲಿ ರಿಯಾಲಿಯೂ ಒಡೆದು ‘ಜುವರ್ನಿಕಾ’ ಹೊರಬಂತು. ಈ ಎರಡರ ರೆಕ್ಕೆಯೂ ಒಂದೇ, ಜನನಾಂಗವೂ ಒಂದೇ. ಬೇರೆ ಎಂದದ್ದು ಡಿಎನ್‌ಎ, ಸಾಕ್ಷಿ ನುಡಿದದ್ದು ಅದನ್ನು ಕೋಶದೊಳಗೆ ಹೊತ್ತಿರುವ ವರ್ಣತಂತುಗಳ (ಕ್ರೋಮೋಸೋಮ್) ಸಂಖ್ಯೆ: ರಿಯಾಲಿಯಲ್ಲಿ 50ರ ಆಸುಪಾಸು, ಜುವರ್ನಿಕಾದಲ್ಲಿ 80ರ ಆಸುಪಾಸು. ಐರ್ಲೆಂಡಿನವರು ರಿಯಾಲಿ ಎಂದುಕೊಂಡಿದ್ದದ್ದು ಜುವರ್ನಿಕಾ ಆಗಿತ್ತು. ಹೆಣ್ಣು ಚಿಟ್ಟೆಗಳಿಗೆ ಮಾತ್ರ ಈ ಗೊಂದಲವೇ ಇಲ್ಲ. ಗಂಡುಗಳು ಸಿಕ್ಕಸಿಕ್ಕವರ ಮುಂದೆಲ್ಲ ಸುಳಿದಾಡುತ್ತವೆ, ಹೆಣ್ಣುಗಳು ಪರಕೀಯನನ್ನು ಒಪ್ಪುವುದಿಲ್ಲ.

ವರ್ಣತಂತುಗಳನ್ನು ಎಣಿಸಲು ಸಾಮಾನ್ಯವಾಗಿ ಗಂಡಿನ ವೃಷಣ ಬೇಕು. ಹಿಡಿದ ಸ್ಥಳದಲ್ಲೇ ಅದನ್ನು ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣಕ್ಕೆ ಹಾಕುತ್ತಾರೆ. ಆಮೇಲೆ ಆರ್ಸೀನ್ ಬಣ್ಣ ಹಚ್ಚಿ, ಗಾಜಿನ ನಡುವೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. (ಆರ್ಸೀನ್ ಮೂಲತಃ ನಮ್ಮ ಮಸಾಲೆಯ ಕಲ್ಲುಹೂವಿನ ಬಳಗದಿಂದ ತೆಗೆದ ಬಣ್ಣ.) ಫ್ರಾನ್ಸಿನ ಆನ್ರಿ ದ ಲೆಸ್ 1950–60ರ ದಶಕಗಳಲ್ಲಿ ವರ್ಣತಂತು ಎಣಿಸಿಯೇ ಟರ್ಕಿ, ಇರಾನ್ ಬೆಟ್ಟಗಳ ನೀಲಿ ಚಿಟ್ಟೆಗಳನ್ನು ವಿಂಗಡಿಸಿದ. ನೋಡಲು ಅವಳಿಗಳಂತಿರುವ ಆ ಗುಂಪಿನಲ್ಲಿ 10 ಜೋಡಿಯಿಂದ 134 ಜೋಡಿಯವರೆಗೆ ವರ್ಣತಂತುಗಳಿವೆ!

ಇಷ್ಟು ಏರುಪೇರಾದರೂ ಚಿಟ್ಟೆ ಬದುಕುವುದು ಹೇಗೆ? ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ. ಕೋಶ ಒಡೆಯುವಾಗ ಸೂಕ್ಷ್ಮ ಎಳೆಗಳು ವರ್ಣತಂತುಗಳನ್ನು ಎರಡೂ ಬದಿಗೆ ಎಳೆಯುತ್ತವೆ. ಮನುಷ್ಯನ ವರ್ಣತಂತುವಿನಲ್ಲಿ ಆ ಹಗ್ಗ ಕಟ್ಟಲು ಒಂದೇ ಜಾಗ, ಕೊಡದ ಕಂಠದಂತೆ. ಕೊಡ ಒಡೆದರೆ ಕಂಠವಿಲ್ಲದ ಚೂರು ಬಾವಿಯಲ್ಲೇ ಉಳಿಯುತ್ತದೆ. ಚಿಟ್ಟೆಯ ವರ್ಣತಂತುವಿನಲ್ಲಾದರೋ ಹಗ್ಗ ಕಟ್ಟಲು ಉದ್ದಕ್ಕೂ ಜಾಗ. ಅದು ಕಬ್ಬಿನ ಜಲ್ಲೆ: ಕಡಿದು ನೆಟ್ಟರೆ ಪ್ರತಿ ತುಂಡಿನ ಗೆಣ್ಣೂ ಚಿಗುರುತ್ತದೆ. ಅದಕ್ಕಿಂತ ಒಳ್ಳೆಯ ಹೋಲಿಕೆ ಮಲ್ಲಿಗೆ ದಂಡೆ. ಎಲ್ಲಿ ಕತ್ತರಿಸಿದರೂ ಎರಡೂ ತುಂಡು ದಂಡೆಯೇ. ಗಂಟು ಹಾಕಿದರೆ ಮತ್ತೆ ಒಂದೇ. ತುಂಡುಗಳ ಲೆಕ್ಕ ಬದಲಾಗುತ್ತದೆ, ಹೂವಿನ, ಅಂದರೆ ಒಳಗಿನ ಜೀನುಗಳ, ಲೆಕ್ಕ ಅಷ್ಟೇ ಇರುತ್ತದೆ.

ಆದ್ದರಿಂದ ‘ವರ್ಣತಂತು ಹೆಚ್ಚಿದ್ದಷ್ಟೂ ಮುಂದುವರಿದ ಜೀವಿ’ ಎಂಬ ಮಾತನ್ನು ದಯವಿಟ್ಟು ಬಿಡಿ. ಉತ್ತರ ಆಫ್ರಿಕಾದ ಅಟ್ಲಾಸ್ ಪರ್ವತದ ಒಂದು ನೀಲಿ ಚಿಟ್ಟೆಗೆ ಸುಮಾರು 450 ಇವೆ, ನಮಗೆ 46. ನಾವು ಕಾಡುಕುರಿ ಎನ್ನುವ ಮುಂಟ್‌ಜಾಕ್ ಜಿಂಕೆಗಳಲ್ಲಿ ಭಾರತದ ಹೆಣ್ಣಿಗೆ 6, ಗಂಡಿಗೆ 7. ಚೀನಾದ ಅದರ ದಾಯಾದಿಗೆ ನಮ್ಮಷ್ಟೇ, 46.

ಹಾಗೆಂದು ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಿನಾಪಿಸ್‌ಗೆ ಸ್ಪೇನಿನಲ್ಲಿ 106 ವರ್ಣತಂತು, ಕಝಾಕ್‌ಸ್ತಾನದಲ್ಲಿ 56. ನಡುವಿನ ನಾಡುಗಳಲ್ಲಿ ಪೂರ್ವಕ್ಕೆ ಹೋದಂತೆಲ್ಲ ಸಂಖ್ಯೆ ಮೆಲ್ಲನೆ ಇಳಿಯುತ್ತದೆ. ಇಲ್ಲಿಗೆ ಒಂದು ಪ್ರಭೇದ ಮುಗಿಯಿತು ಎಂದು ಗೆರೆ ಎಳೆಯಲು ಜಾಗವೇ ಸಿಗುವುದಿಲ್ಲ. ಕುದುರೆಗೆ 64, ಕತ್ತೆಗೆ 62. ಎರಡೇ ವರ್ಣತಂತುಗಳ ವ್ಯತ್ಯಾಸವಿದ್ದರೂ ಅವುಗಳಿಗೆ ಹುಟ್ಟುವ ಹೇಸರಗತ್ತೆ ಬಂಜೆ. 50ರ ವ್ಯತ್ಯಾಸವಿರುವ ಸ್ಪೇನ್ ಮತ್ತು ಕಝಾಕ್‌ಸ್ತಾನದ ಚಿಟ್ಟೆಗಳನ್ನು ಸಂಶೋಧಕರು ಕೂಡಿಸಿದರು. ಹುಟ್ಟಿದ ಮಿಶ್ರತಳಿಗಳು ಮೊಟ್ಟೆಯಿಟ್ಟವು, ಆ ಮೊಟ್ಟೆಗಳಿಂದ ಕಂಬಳಿಹುಳುಗಳು ಹೊರಬಂದವು.