ಪದ ಪರಿಚಯ: ಕಾಳುಮೆಣಸಿನ ಎಸೆನ್ಷಿಯಲ್ ಆಯಿಲ್

ಹೋದ ತಿಂಗಳು ಗಾಂಧಿ ಬಜಾರಿನಿಂದ ಒಂದು ಪುಟ್ಟ ಕಂದು ಬಾಟಲಿ ತಂದೆ. ಅಮ್ಮ ಮುಚ್ಚಳ ತೆಗೆದು ಮೂಸಿದರು. 'ಮೆಣಸಿನ ವಾಸನೆಯೇನೋ ಇದೆ. ಘಾಟೆಲ್ಲೋ?' ಎಂದರು.

ಒಳ್ಳೆಯ ಪ್ರಶ್ನೆ. ಮೆಣಸಿನ ಖಾರಕ್ಕೆ ಕಾರಣ ಪೈಪರಿನ್. ಅದು ಸುಲಭಕ್ಕೆ ಆವಿಯಾಗುವುದಿಲ್ಲ. ಈ ಎಣ್ಣೆ ತೆಗೆಯುವುದೋ ಹಬೆಯಿಂದ. ಒಣಗಿದ ಕಾಳನ್ನು ತರಿತರಿಯಾಗಿ ಒಡೆದು ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಬರುವುದು ಕ್ಯಾರಿಯೋಫಿಲೀನ್, ಲಿಮೊನೀನ್, ಪೈನೀನ್‌ನಂಥ ವಾಸನೆಯ ಅಂಶಗಳು. ಖಾರ ಹಿಂದೆಯೇ ಉಳಿಯುತ್ತದೆ. ಮೆಣಸಿನ ಸಾರು ಕುದಿಯುವಾಗ ಮನೆಯೆಲ್ಲ ಘಮ್ ಅನ್ನುತ್ತೆ, ಖಾರ ಮಾತ್ರ ಪಾತ್ರೆಯಲ್ಲೇ ಇರುತ್ತೆ ಅಲ್ವಾ, ಹಾಗೆ.

ಇಲ್ಲಿ ಎಸೆನ್ಷಿಯಲ್ ಅಂದರೆ 'ಅತ್ಯಗತ್ಯ' ಅಲ್ಲ. ಎಸೆನ್ಸ್ ಅನ್ನುತ್ತೇವಲ್ಲ, ಆ ಅರ್ಥ. ಕನ್ನಡದಲ್ಲಿ ಸಾರತೈಲ ಎನ್ನಬಹುದು. ತೈಲ ಅಂದರೂ ಇದಕ್ಕೆ ಜಿಡ್ಡಿಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ನಿಧಾನವಾಗಿ ಹಾರಿಹೋಗುತ್ತದೆ. ಅಡುಗೆ ಎಣ್ಣೆ ಬೆರೆಸಿದ್ದರೆ ಜಿಡ್ಡಿನ ಕಲೆ ನಿಲ್ಲುತ್ತದೆ. ನಾನು ಮೊದಲ ಸಲ ತಂದ ಬಾಟಲಿ ದೊಡ್ಡ ಕಲೆಯನ್ನೇ ಬಿಟ್ಟಿತ್ತು. ಯಾವ ಅಂಗಡಿ ಅಂತ ಕೇಳಬೇಡಿ.

ಇಂಥ ತೈಲಗಳನ್ನು ಮೂಸಿ, ಹಚ್ಚಿ ಆರಾಮ ಪಡೆಯುವ ಪದ್ಧತಿಯೇ ಅರೋಮಾಥೆರಪಿ. ಈ ಹೆಸರಿನ ಪುಸ್ತಕವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟೆಫೊಸೆ 1937ರಲ್ಲಿ ತಂದರು. ಮೆಣಸಿನೆಣ್ಣೆಯನ್ನು ಇಂದು ಮಾಲೀಶು ಮಾಡುವವರು 'ಬೆಚ್ಚಗೆ ಮಾಡುವ ಎಣ್ಣೆ' ಅನ್ನುತ್ತಾರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕೂತು ಬಿಗಿದ ಕುತ್ತಿಗೆಗೆ ಹಿತ ಅನಿಸುತ್ತದೆ. ಅದು ಮಾಲೀಶಿನ ಗುಣವೋ ಎಣ್ಣೆಯದೋ, ಬಿಡಿಸಿ ಹೇಳುವುದು ಕಷ್ಟ. ಕುತೂಹಲದ ಸಂಗತಿ ಇನ್ನೊಂದಿದೆ. 1994ರಲ್ಲಿ ಅಮೆರಿಕದಲ್ಲಿ 48 ಧೂಮಪಾನಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮೆಣಸಿನೆಣ್ಣೆಯ ಆವಿ ಎಳೆದವರಿಗೆ ಸಿಗರೇಟಿನ ಚಪಲ ಕಡಿಮೆಯಾಗಿತ್ತು. ಪ್ರಯೋಗ ಚಿಕ್ಕದು, ಅಷ್ಟರಿಂದಲೇ ಚಟ ಬಿಡುತ್ತೆ ಅನ್ನಲಾಗದು.

ಹಚ್ಚುವುದಾದರೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಸಾಕು, ಜಾಸ್ತಿ ಬೇಡ. ನೇರವಾಗಿ ಹಚ್ಚಿದರೆ ಚರ್ಮ ಉರಿಯಬಹುದು. ಕಣ್ಣಿನ ಹತ್ತಿರ, ಮಕ್ಕಳ ಮೈಗೆ ಬೇಡವೇ ಬೇಡ. ಗರ್ಭಿಣಿಯರು ಡಾಕ್ಟರನ್ನು ಕೇಳಲಿ. 'ಸಾರಿಗೊಂದು ಹನಿ ಹಾಕಲಾ?' ಎಂದರು ಅಮ್ಮ. ಬೇಡ ಎಂದೆ.

ಗಾಳಿಯಾಡಿ ಹಳತಾದ ಎಣ್ಣೆ ಚರ್ಮಕ್ಕೆ ಇನ್ನೂ ಜಾಸ್ತಿ ಕಿರಿಕಿರಿ ಮಾಡುತ್ತದೆ. ಅದಕ್ಕೇ ನಮ್ಮ ಬಾಟಲಿಗೆ ತೆರೆದ ತಾರೀಕು ಬರೆದು, ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದೇನೆ.