ಮುಂದೆ ಬರುವ ಕೌನ್ಸಿಲರ್‌ಗೆ ಏನು ಒಪ್ಪಿಸಬೇಕು

ಸರ್ಕಾರಿ ಕಚೇರಿಯಲ್ಲಿ ಒಬ್ಬ ಗುಮಾಸ್ತರಿಗೆ ವರ್ಗವಾದರೂ ಚಾರ್ಜ್ ಒಪ್ಪಿಸುವ ಪದ್ಧತಿ ಇದೆ. ಯಾವ ಫೈಲ್ ಎಲ್ಲಿದೆ, ಬೀಗದಕೈ ಯಾರ ಹತ್ತಿರ ಇದೆ, ಬಾಕಿ ಕೆಲಸ ಯಾವುದು ಎಂದು ಬರೆದು ಇಬ್ಬರೂ ಸಹಿ ಹಾಕುತ್ತಾರೆ. ನಗರಸಭೆಯ ಸದಸ್ಯರಿಗೆ ಅಂಥ ಪದ್ಧತಿ ಇಲ್ಲ. ಅವಧಿ ಮುಗಿದ ದಿನ ನಾವು ಮನೆಗೆ ಹೋಗುತ್ತೇವೆ, ಹೊಸಬರು ಬಂದು ಕೂರುತ್ತಾರೆ. ವಾರ್ಡಿನ ಬಗ್ಗೆ ಐದು ವರ್ಷ ಕಲಿತದ್ದೆಲ್ಲ ನಮ್ಮ ತಲೆಯಲ್ಲೇ ಉಳಿದುಬಿಡುತ್ತದೆ.

ನಾನು ದಕ್ಷಿಣ ಗೋವೆಯ ಒಂದು ನಗರಸಭೆಯಲ್ಲಿ ಕೌನ್ಸಿಲರ್. ನನ್ನ ಅವಧಿ ಮುಗಿಯುತ್ತಾ ಬಂದಿದೆ. ನನ್ನ ವಾರ್ಡಿನಲ್ಲಿ ಕೊಂಕಣಿ ಮನೆಗಳ ಜೊತೆಗೆ ಕನ್ನಡದ ಮನೆಗಳೂ ಬಹಳ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು, ಅವರ ಮಕ್ಕಳು, ಈಗ ಮೊಮ್ಮಕ್ಕಳು. ಇತ್ತೀಚೆಗೆ ನಾನು ಮುಂದಿನ ಕೌನ್ಸಿಲರ್‌ಗಾಗಿ ಒಂದು ನೋಟ್‌ಬುಕ್ ಬರೆಯಲು ಕೂತಿದ್ದೇನೆ. ಯಾರು ಗೆದ್ದರೂ ಅವರಿಗೆ ಕೊಡುತ್ತೇನೆ. ಬರೆಯುತ್ತಾ ಹೋದ ಹಾಗೆ, ಇದರಲ್ಲಿರುವುದು ವಾರ್ಡಿನ ಜನರಿಗೂ ಗೊತ್ತಿರಬೇಕಾದ ಸಂಗತಿ ಅನ್ನಿಸಿತು. ಅದಕ್ಕೇ ಈ ಅಂಕಣ.

ಇನ್ನೊಮ್ಮೆ ನೀವೇ ನಿಲ್ಲಬಹುದಲ್ಲ, ನೋಟ್‌ಬುಕ್ ಯಾಕೆ ಎಂದು ಕೆಲವರು ಕೇಳಿದರು. ವಾರ್ಡಿನ ಮೀಸಲಾತಿ ಸರದಿಯ ಮೇಲೆ ಬದಲಾಗುತ್ತದೆ. ಇವತ್ತು ಮಹಿಳೆಗೆ ಇದ್ದದ್ದು ನಾಳೆ ಹಿಂದುಳಿದ ವರ್ಗಕ್ಕೆ ಹೋಗಬಹುದು, ಇಲ್ಲವೇ ಸಾಮಾನ್ಯ ಆಗಬಹುದು. ಒಳ್ಳೆಯ ಕೆಲಸ ಮಾಡಿದವರೂ ಅದೇ ವಾರ್ಡಿನಲ್ಲಿ ಮತ್ತೆ ನಿಲ್ಲಲು ಆಗದೇ ಹೋಗುತ್ತದೆ. ಹಾಗಂತ ಮೀಸಲಾತಿಯನ್ನು ದೂರುವವಳು ನಾನಲ್ಲ. ಅದಿಲ್ಲದಿದ್ದರೆ ನನ್ನಂಥವರು ಸಭಾಗೃಹದ ಬಾಗಿಲನ್ನೂ ನೋಡುತ್ತಿರಲಿಲ್ಲ. 2021ರಲ್ಲಿ ಮಡಗಾಂವ್, ಮುರಗಾಂವ್, ಮಾಪುಸಾ, ಕೇಪೆ, ಸಾಂಗೆ ಈ ಐದು ನಗರಸಭೆಗಳ ವಾರ್ಡ್ ಮೀಸಲಾತಿಯನ್ನು ಹೈಕೋರ್ಟ್ ರದ್ದು ಮಾಡಿತು. ಮಹಿಳೆಯರಿಗೆ ಮೂರನೇ ಒಂದು ಭಾಗ ಸರಿಯಾಗಿ ಸಿಕ್ಕಿಲ್ಲ ಎಂಬುದು ಅದರಲ್ಲಿ ಮುಖ್ಯ ಕಾರಣ. ಮಾರ್ಚ್ 12ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರದ ನೌಕರಿಯಲ್ಲಿ ಇರುವವರು ರಾಜ್ಯ ಚುನಾವಣಾ ಆಯುಕ್ತರ ಸ್ಥಾನದಲ್ಲಿ ಕೂರಬಾರದು ಎಂದೂ ಹೇಳಿತು. ಈ ಐದು ಕಡೆ ಉಳಿದವರಿಗಿಂತ ತಡವಾಗಿ, ಏಪ್ರಿಲ್ 23ರಂದು ಮತದಾನ ನಡೆಯಿತು. ಮಹಿಳೆಯರ ಪಾಲಿಗೆ ಅದು ದೊಡ್ಡ ತೀರ್ಪು. ಆದರೆ ಸರದಿ ಇರುವ ತನಕ, ಒಬ್ಬರಿಂದ ಒಬ್ಬರಿಗೆ ಒಪ್ಪಿಸುವ ಪದ್ಧತಿಯೂ ಬೇಕು ಅಲ್ವಾ?

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದದ್ದು, ಯಾವುದು ನಮ್ಮ ಕೈಯಲ್ಲಿ ಇಲ್ಲ ಎಂಬುದು. ನಗರಸಭೆಗಳಿಗೆ ಅಧಿಕಾರ ಕೊಡಲೆಂದು ಮಾಡಿದ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ನೀರು, ರಸ್ತೆ, ನಗರ ಯೋಜನೆ ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಯಾವುದನ್ನು ಕೊಡಬೇಕು ಎಂಬುದು ರಾಜ್ಯಕ್ಕೆ ಬಿಟ್ಟದ್ದು. ಗೋವೆಯಲ್ಲಿ ನಲ್ಲಿ ನೀರು ರಾಜ್ಯ ಸರ್ಕಾರದ ಇಲಾಖೆಯದು. ನಮ್ಮ ಕಡೆ ಬರುವ ನೀರು ಸಾಂಗೆಯ ಸಾಳಾವಲಿ ಅಣೆಕಟ್ಟಿನದು. ಕರೆಂಟ್ ಕೂಡ ನೇರವಾಗಿ ಸರ್ಕಾರದ ವಿದ್ಯುತ್ ಇಲಾಖೆಯದೇ. ದೊಡ್ಡ ರಸ್ತೆಗಳು ಪಿಡಬ್ಲ್ಯೂಡಿ ಕೈಯಲ್ಲಿ. ಬಸ್ಸು ಕದಂಬ ನಿಗಮದ್ದು. ನಗರಸಭೆಯ ಮುಖ್ಯಾಧಿಕಾರಿಯನ್ನು ಕಳಿಸುವುದೂ ಸರ್ಕಾರವೇ. ನಮ್ಮ ಪಾಲಿಗೆ ಉಳಿಯುವುದು ಕಸ, ವಾರ್ಡಿನ ಗಟಾರ, ಒಳರಸ್ತೆ, ಮಾರುಕಟ್ಟೆ, ವ್ಯಾಪಾರದ ಲೈಸೆನ್ಸ್, ಮನೆಪಟ್ಟಿ (ಮನೆ ತೆರಿಗೆ), ಜನನ ಮರಣದ ನೋಂದಣಿ, ಕಟ್ಟಡದ ಪರವಾನಗಿಯಲ್ಲಿ ಒಂದು ಭಾಗ.

ಜನ ಮಾತ್ರ ಬೆಳಿಗ್ಗೆ ಆರಕ್ಕೇ ಫೋನ್ ಮಾಡುವುದು ನೀರಿಗಾಗಿ. "ಅಕ್ಕಾ, ಎರಡು ದಿನ ಆತು, ನಳಾ ಬಂದಿಲ್ರೀ." ಅದು ನನ್ನ ಕೆಲಸ ಅಲ್ಲ ಎಂದು ಹೇಳಲು ಬಾಯಿ ಬರುವುದಿಲ್ಲ, ಹೇಳಲೂಬಾರದು. ಆದರೆ ಯಾರ ಕೆಲಸ ಎಂದು ತಿಳಿಸಬೇಕು. ಆ ಭಾಗದ ಇಂಜಿನಿಯರ್ ಕಚೇರಿ ಎಲ್ಲಿದೆ, ದೂರು ಕೊಟ್ಟ ಮೇಲೆ ನಂಬರ್ ಯಾಕೆ ಕೇಳಿ ಪಡೆಯಬೇಕು, ಅದನ್ನು ಹೇಳಿಕೊಡಬೇಕು. ಕೌನ್ಸಿಲರ್ ಫೋನ್ ಮಾಡಿ ಒಂದು ದಿನ ನೀರು ತರಿಸಿದರೆ ಜನ ಖುಷಿಪಡುತ್ತಾರೆ. ಮುಂದಿನ ವಾರ ಮತ್ತೆ ಕೌನ್ಸಿಲರ್ ಮನೆ ಬಾಗಿಲಿಗೇ ಬರುತ್ತಾರೆ. ಇಲಾಖೆಯ ಪುಸ್ತಕದಲ್ಲಿ ಮಾತ್ರ ಆ ಓಣಿಯಲ್ಲಿ ತೊಂದರೆ ಇದೆ ಎಂದು ಎಲ್ಲೂ ದಾಖಲಾಗಿರುವುದಿಲ್ಲ.

ಇನ್ನು ಗಟಾರ. ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ಇದಕ್ಕೇ ಹೋಗಿದೆ.

ಜೂನ್ ಮೊದಲ ವಾರದ ಹೊತ್ತಿಗೆ ಗೋವೆಯಲ್ಲಿ ಮಳೆ ಶುರು. ಮೇ ಕೊನೆಯಲ್ಲಿ ಜನ ಬಂದು ಗಟಾರ ತುಂಬಿದೆ ಎನ್ನುತ್ತಾರೆ. ಅಷ್ಟರಲ್ಲಿ ಬಹಳ ತಡವಾಗಿರುತ್ತದೆ. ಒಂದು ಗಟಾರದ ಕೆಲಸ ಹೇಗೆ ನಡೆಯುತ್ತದೆ ನೋಡಿ. ಅರ್ಜಿ ಬರಬೇಕು, ಅದಕ್ಕೆ ಇನ್‌ವರ್ಡ್ ನಂಬರ್ ಬೀಳಬೇಕು. ಜೂನಿಯರ್ ಇಂಜಿನಿಯರ್ ಬಂದು ಜಾಗ ನೋಡಿ ಎಸ್ಟಿಮೇಟ್ ಮಾಡಬೇಕು. ತಾಂತ್ರಿಕ ಮಂಜೂರಾತಿ ಆಗಬೇಕು. ಸಭೆಯಲ್ಲಿ ಠರಾವು (ನಿರ್ಣಯ) ಆಗಬೇಕು. ಆಮೇಲೆ ಟೆಂಡರ್, ವರ್ಕ್ ಆರ್ಡರ್, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲೆ, ಕೊನೆಗೆ ಬಿಲ್. ಇದರಲ್ಲಿ ಒಂದು ಮೆಟ್ಟಿಲಲ್ಲಿ ಕಾಗದ ನಿಂತರೂ ಕೆಲಸ ನಿಂತಂತೆ. ಹೊಸ ಗಟಾರ ಬೇಕಾದರೆ ಮಳೆ ನಿಂತ ಕೂಡಲೇ, ಅಕ್ಟೋಬರ್‌ನಲ್ಲೇ ಅರ್ಜಿ ಕೊಡಬೇಕು. ಹೂಳು ತೆಗೆಯುವುದಕ್ಕೆ ಫೆಬ್ರವರಿಯಲ್ಲಿ ಶುರು ಮಾಡಿದರೆ ಮೇ ತಿಂಗಳಲ್ಲಿ ಗಾಡಿ ಬರುತ್ತದೆ. ಚುನಾವಣೆ ಇರುವ ವರ್ಷ ಇನ್ನೂ ಬೇಗ ಮಾಡಬೇಕು. ನೀತಿ ಸಂಹಿತೆ ಬಂತೆಂದರೆ ಹೊಸ ಕೆಲಸಕ್ಕೆ ಕೈ ಹಾಕಲು ಬರುವುದಿಲ್ಲ.

ನಮ್ಮ ಓಣಿಗಳಲ್ಲಿ ಇನ್ನೊಂದು ತೊಂದರೆ ಇದೆ. ಮನೆ ಮುಂದಿನ ಗಟಾರದ ಮೇಲೆ ಜನ ಕಾಂಕ್ರೀಟ್ ಸ್ಲ್ಯಾಬ್ ಹಾಕಿಬಿಡುತ್ತಾರೆ. ಬೈಕ್ ನಿಲ್ಲಿಸಲು, ಬಟ್ಟೆ ಒಗೆಯಲು, ಸಂಜೆ ಕೂರಲು ಅದೇ ಜಾಗ. ಒಂದು ಕೋಣೆಯ ಮನೆಯಲ್ಲಿ ಆರು ಜನ ಇರುವಾಗ ಆ ಸ್ಲ್ಯಾಬ್ ಅವರಿಗೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಆದರೆ ಸಾಲಾಗಿ ಹತ್ತು ಮನೆಯವರು ಸ್ಲ್ಯಾಬ್ ಹಾಕಿದರೆ ಒಳಗೆ ಸಲಿಕೆ ಹೋಗುವುದಿಲ್ಲ. ಹೂಳು ಅಲ್ಲೇ ಕೂರುತ್ತದೆ. ನೀರು ಹಿಂದಕ್ಕೆ ಬಂದು ತಗ್ಗಿನ ಮನೆಗೆ ನುಗ್ಗುತ್ತದೆ. ಸ್ಲ್ಯಾಬ್ ಹಾಕಿದವರ ಮನೆ ಒಣಗಿರುತ್ತದೆ, ನೆನೆಯುವುದು ಬೇರೆಯವರದು. ಇದಕ್ಕೆ ನಾನು ಕಂಡ ದಾರಿ ಒಂದೇ. ಎಲ್ಲವನ್ನೂ ಒಡೆಸುವುದಲ್ಲ, ಕೆಲವು ಅಡಿಗೊಂದು ಎತ್ತಿಡಲು ಬರುವ ಮುಚ್ಚಳ ಹಾಕಿಸುವುದು. ಎಸ್ಟಿಮೇಟ್‌ನಲ್ಲೇ ಅದನ್ನು ಸೇರಿಸಲು ಇಂಜಿನಿಯರ್‌ಗೆ ಮೊದಲೇ ಹೇಳಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ಆಗುವುದಿಲ್ಲ. ಮುಚ್ಚಳ ಎಲ್ಲೆಲ್ಲಿ ಆಗಿದೆ, ಎಲ್ಲಿ ಬಾಕಿ ಇದೆ ಎಂದು ಓಣಿಯ ನಕ್ಷೆ ಬರೆದು ಗುರುತು ಹಾಕಿದ್ದೇನೆ. ನಮ್ಮ ಗಟಾರ ಹೋಗಿ ಸೇರುವ ನಾಲೆ ನಗರಸಭೆಯದಲ್ಲ, ಜಲಸಂಪನ್ಮೂಲ ಇಲಾಖೆಯದು ಎಂಬುದನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ನಾಲೆ ತುಂಬಿದ್ದರೆ ಗಟಾರ ಎಷ್ಟು ಸ್ವಚ್ಛ ಮಾಡಿದರೂ ನೀರು ಹೋಗುವುದಿಲ್ಲ. ಎರಡು ಕಡೆಗೂ ಒಂದೇ ದಿನ ಪತ್ರ ಹೋಗಬೇಕು.

ಕಸದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹಸಿ, ಒಣ ಬೇರೆ ಮಾಡಿ ಕೊಡಿ ಎನ್ನುವುದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ.

ಕನ್ನಡದ ಮನೆಗಳಿಗೆ ಮುಖ್ಯವಾದದ್ದು ಜನನ ಪ್ರಮಾಣಪತ್ರ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಾರೆ. ಮಗು ಹುಟ್ಟಿದ ಊರಲ್ಲೇ ಜನನ ನೋಂದಣಿ ಆಗಬೇಕು, ಇಲ್ಲಿ ಆಗುವುದಿಲ್ಲ. 21 ದಿನದೊಳಗೆ ತಿಳಿಸಿದರೆ ಖರ್ಚಿಲ್ಲ. ತಡವಾದಷ್ಟೂ ಕಷ್ಟ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಮಗು ಹುಟ್ಟಿದಾಗ ಹೆಸರು ಇಟ್ಟಿರುವುದಿಲ್ಲ, ಆಸ್ಪತ್ರೆಯ ಫಾರ್ಮಿನಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಅದನ್ನು ಸೇರಿಸಬೇಕು ಎಂಬುದು ಯಾರಿಗೂ ನೆನಪಾಗುವುದಿಲ್ಲ. 12 ತಿಂಗಳೊಳಗೆ ಆದರೆ ಹಣವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ, ಮುಂದೆ ಪಾಸ್‌ಪೋರ್ಟ್‌ಗೆ, ಮತದಾರರ ಪಟ್ಟಿಗೆ ಇದೇ ಆಧಾರ. ಒಂದು ಕಾಗದದಲ್ಲಿ ತಾಯಿ ಯಲ್ಲವ್ವ, ಇನ್ನೊಂದರಲ್ಲಿ ಯಲ್ಲಮ್ಮ ಎಂದಿದ್ದರೆ ಕಚೇರಿಯವರ ಕಣ್ಣಿಗೆ ಅವರು ಇಬ್ಬರು. ಗೋವೆಯಲ್ಲಿ ಗೃಹಿಣಿಯರಿಗೆ ತಿಂಗಳು ತಿಂಗಳು ಹಣ ಕೊಡುವ ಗೃಹ ಆಧಾರದಂಥ ಯೋಜನೆಗೆ, ಸರ್ಕಾರಿ ನೌಕರಿಗೆ 15 ವರ್ಷ ಇಲ್ಲಿ ವಾಸ ಇದ್ದದ್ದಕ್ಕೆ ಪುರಾವೆ ಕೇಳುತ್ತಾರೆ. ಮೂವತ್ತು ವರ್ಷ ಇಲ್ಲಿ ದುಡಿದವರ ಹತ್ತಿರವೂ ಕಾಗದ ಇರುವುದಿಲ್ಲ. ಅದಕ್ಕೇ ಹೊಸ ಕೌನ್ಸಿಲರ್‌ಗೆ ನನ್ನ ವಿನಂತಿ: ಬಾಣಂತಿಯರ ಪಟ್ಟಿ ಅಂಗನವಾಡಿ ಅಕ್ಕನ ಹತ್ತಿರ ಇರುತ್ತದೆ. ಅವರ ಜೊತೆ ಸಂಪರ್ಕ ಇಟ್ಟುಕೊಳ್ಳಿ. ತವರಿಗೆ ಹೊರಡುವ ಮೊದಲೇ ಹೆಣ್ಣುಮಗಳಿಗೆ ಈ ಮಾತು ತಿಳಿದಿರಬೇಕು.

ಇಲ್ಲೇ ಇನ್ನೊಂದು ಮಾತು. ಮನೆಪಟ್ಟಿ ಕಟ್ಟಿದ ರಶೀದಿ ಇದ್ದರೆ ಮನೆ ಸಕ್ರಮವಾಯಿತು ಎಂದು ಬಹಳ ಜನ ನಂಬಿದ್ದಾರೆ. ಆ ನಂಬಿಕೆ ಹುಟ್ಟಿಸಿ ಓಟು ಕೇಳಿದವರೂ ಇದ್ದಾರೆ. ಅದು ತೆರಿಗೆ ಕಟ್ಟಿದ್ದಕ್ಕೆ ಪುರಾವೆ ಅಷ್ಟೆ, ಜಾಗದ ಹಕ್ಕಿಗೆ ಅಲ್ಲ. ಬಡವರಿಗೆ ಸುಳ್ಳು ಧೈರ್ಯ ಕೊಡುವುದು ದೊಡ್ಡ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಹಾಗಂತ ಮನೆಪಟ್ಟಿ ಕಟ್ಟಬೇಡಿ ಎಂದಲ್ಲ. ನಗರಸಭೆಗೆ ಸ್ವಂತ ದುಡ್ಡು ಬರುವುದೇ ಮನೆಪಟ್ಟಿ, ಲೈಸೆನ್ಸ್ ಫೀ, ಅಂಗಡಿ ಬಾಡಿಗೆ, ಸೊಪೊ ಅಂದರೆ ಸಂತೆಯಲ್ಲಿ ಕೂತು ಮಾರುವವರಿಂದ ತೆಗೆದುಕೊಳ್ಳುವ ಶುಲ್ಕದಿಂದ. ಉಳಿದದ್ದು ಸರ್ಕಾರದ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಸಣ್ಣ ಪಟ್ಟಣಗಳಿಗೆ ಕೊಟ್ಟ ದುಡ್ಡಿನಲ್ಲಿ ಶೇ. 60ನ್ನು ನೀರು, ಕಸ, ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಅದು ಸಿಗಬೇಕಾದರೆ ಲೆಕ್ಕಪತ್ರವನ್ನು ಆಡಿಟ್ ಮಾಡಿಸಿ ಆನ್‌ಲೈನ್‌ನಲ್ಲಿ ಹಾಕಬೇಕು, ಮನೆಪಟ್ಟಿ ವಸೂಲಿಯೂ ಏರಬೇಕು ಎಂಬ ಷರತ್ತು ಇತ್ತು. ವಸೂಲಿ ಮಾಡದೆ ಜನಪ್ರಿಯರಾದ ಸದಸ್ಯರು ತಮ್ಮ ವಾರ್ಡಿನ ದುಡ್ಡನ್ನೇ ತಡೆಹಿಡಿದಂತೆ.

ಹಳ್ಳಿಯವರಿಗೆ ಗ್ರಾಮಸಭೆ ಇದೆ. ಪಂಚಾಯಿತಿಯವರನ್ನು ಎಲ್ಲರ ಮುಂದೆ ನಿಲ್ಲಿಸಿ ಲೆಕ್ಕ ಕೇಳಬಹುದು. ಪೇಟೆಯವರಿಗೆ ಅಂಥದ್ದಿಲ್ಲ. ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೆ. ಗೋವೆಯ ಯಾವ ನಗರಸಭೆಯೂ ಆ ಲೆಕ್ಕದ ಹತ್ತಿರ ಇಲ್ಲ. ಹಾಗಾಗಿ ಪೇಟೆಯ ಮತದಾರರು ಐದು ವರ್ಷಕ್ಕೊಮ್ಮೆ ಮಾತ್ರ ಮಾತಾಡಬಹುದು. ನನಗೆ ಇದು ಸರಿ ಕಾಣಲಿಲ್ಲ. ಗಣಪತಿ ಪೆಂಡಾಲಿನಲ್ಲಿ, ಶಾಲೆಯ ಹಾಲ್‌ನಲ್ಲಿ ವಾರ್ಡ್ ಸಭೆ ಕರೆಯುತ್ತಾ ಬಂದೆ. ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ ಮಾತು. ಮೊದಲು ಗಂಡಸರು ಮುಂದೆ ಕೂತರು. ಹೆಂಗಸರು ಬಾಗಿಲ ಹತ್ತಿರ ನಿಂತು ಕೇಳಿ ಹೋದರು. ಆಮೇಲೆ ಅವರೇ ಮಾತಾಡತೊಡಗಿದರು. ಯಾವ ತಿರುವಿನಲ್ಲಿ ರಾತ್ರಿ ಕತ್ತಲೆ, ಯಾವ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ, ಇದೆಲ್ಲ ಅವರಿಂದಲೇ ತಿಳಿದದ್ದು. ಈ ಸಭೆಗೆ ಕಾನೂನಿನ ಬಲ ಇಲ್ಲ. ಹೊಸಬರು ಕರೆಯದಿದ್ದರೆ ನಿಂತುಹೋಗುತ್ತದೆ. ಅದಕ್ಕೇ ಗೋವಾ ಸರ್ಕಾರ 1968ರ ನಗರಸಭೆ ಕಾಯ್ದೆಗೆ ತಿದ್ದುಪಡಿ ತಂದು ಸಣ್ಣ ಪಟ್ಟಣಗಳಿಗೂ ವಾರ್ಡ್ ಸಭೆ ಕಡ್ಡಾಯ ಮಾಡಬೇಕು ಎಂಬುದು ನನ್ನ ಆಗ್ರಹ. ಸದಸ್ಯರ ಚಾರ್ಜ್ ಒಪ್ಪಿಸುವ ಪದ್ಧತಿಯನ್ನೂ ಅದರಲ್ಲೇ ಸೇರಿಸಬಹುದು.

ಅಲ್ಲಿಯವರೆಗೆ ಈ ನೋಟ್‌ಬುಕ್. ಇದರ ಒಂದು ಪ್ರತಿ ಗೆದ್ದವರಿಗೆ, ಇನ್ನೊಂದು ಓಣಿಯ ಮಹಿಳಾ ಸಂಘಕ್ಕೆ. ಬಾಕಿ ಠರಾವುಗಳ ನಂಬರ್, ತಾರೀಖು ಅದರಲ್ಲಿವೆ. ಠರಾವಿನ ನಕಲು ಯಾರು ಬೇಕಾದರೂ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಕೊನೆಯ ಪುಟದಲ್ಲಿ ಹೊಸ ಸದಸ್ಯರಿಗೆ ಒಂದು ಸೂಚನೆ ಬರೆದಿದ್ದೇನೆ. ನೀವು ಬಂದು ಕೂರುವ ಹೊತ್ತಿಗೆ ಆ ವರ್ಷದ ಬಜೆಟ್ ಹಳೆಯ ಸಭೆಯವರೇ ಪಾಸು ಮಾಡಿ ಹೋಗಿರುತ್ತಾರೆ. ಮೊದಲ ಸಭೆಯಲ್ಲೇ ಅದರ ಪ್ರತಿ ಕೇಳಿ ತೆಗೆದುಕೊಳ್ಳಿ. ತಗ್ಗಿನ ಓಣಿಯ ಗಟಾರಕ್ಕೆ ಎಸ್ಟಿಮೇಟ್ ಆಗಿದೆ, ಟೆಂಡರ್ ಆಗಿಲ್ಲ. ಬಜೆಟ್‌ನಲ್ಲಿ ಅದರ ಹೆಸರು ಉಳಿದಿದೆಯೇ ನೋಡಿ, ಇಲ್ಲದಿದ್ದರೆ ಅಕ್ಟೋಬರ್‌ಗೆ ಮೊದಲೇ ಹೊಸ ಅರ್ಜಿ ಕೊಡಿ.